ಸೂರ್ಯನಿಲ್ಲದ ಊರಿನ ಮಧ್ಯಾಹ್ನ

ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ತಲೆಯೆತ್ತುವುದು ಜನವರಿ ನಡುವಿನಲ್ಲಿ. ಹೀಗೆಂದರೆ ಸಾಕು, ಕೇಳಿದವರೆಲ್ಲ ಅಲ್ಲಿ ಆ ಎರಡು ತಿಂಗಳು ಹಗಲೂ ರಾತ್ರಿಯೂ ಕಗ್ಗತ್ತಲೆ ಎಂದುಕೊಳ್ಳುತ್ತಾರೆ. ಆ ಊರಿನ ಪರವಾಗಿ ನಾನು ಹೇಳಲೇಬೇಕಾದ ಮಾತೊಂದಿದೆ: ಅಲ್ಲಿ ಸೂರ್ಯನಿಲ್ಲ, ಬೆಳಕಿದೆ.

ಜನವರಿಯ ಎರಡನೆಯ ವಾರ ನಾನು ಅಲ್ಲಿಗೆ ಹೋದಾಗ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬೆಳಕು ಹರಿಯಲು ಶುರುವಾಗುತ್ತಿತ್ತು. ಮೊದಲು ಹಿಮ ನೀಲಿಯಾಗುತ್ತದೆ. ಮನೆಗಳ ಸೂರು, ನಿಂತ ಕಾರುಗಳ ಬೆನ್ನು, ಬಂದರಿನ ಕಟ್ಟೆ, ಎದುರು ದಡದ ಬೆಟ್ಟ, ಎಲ್ಲವೂ ಒಂದೇ ನೀಲಿ. ಸೂರ್ಯ ದಿಗಂತದ ಕೆಳಗೇ ಇರುವುದರಿಂದ ಅವನ ಕಿರಣ ವಾತಾವರಣವನ್ನು ಓರೆಯಾಗಿ ಬಹುದೂರ ಸೀಳಿಕೊಂಡು ಬರಬೇಕು. ಆ ದೂರದ ಹಾದಿಯಲ್ಲಿ ಓಝೋನ್ ಪದರ ಕೇಸರಿ ಬಣ್ಣವನ್ನು ಹೀರಿಕೊಂಡು ನೀಲಿಯನ್ನು ಬಿಟ್ಟುಕೊಡುತ್ತದೆ. ಹನ್ನೊಂದರ ಹೊತ್ತಿಗೆ ದಕ್ಷಿಣದಲ್ಲಿ, ಬೆಟ್ಟಗಳ ಅಂಚಿಗೆ ಹತ್ತಿಕೊಂಡಂತೆ, ಕಿತ್ತಳೆ ಬಣ್ಣದ ಒಂದು ಪಟ್ಟಿ ಏಳುತ್ತದೆ. ಅದರ ಮೇಲೆ ತೆಳು ಗುಲಾಬಿ, ಇನ್ನೂ ಮೇಲೆ ಹಸಿರೋ ನೀಲಿಯೋ ಎಂದು ಹೇಳಲಾಗದ ಒಂದು ಬಣ್ಣ. ಮಧ್ಯಾಹ್ನ ಎರಡು ದಾಟಿದ ಮೇಲೆ ಇದೆಲ್ಲ ಬಂದ ದಾರಿಯಲ್ಲೇ ಒಂದೊಂದಾಗಿ ಹಿಂತಿರುಗುತ್ತದೆ. ನಮ್ಮಲ್ಲಿ ಮುಂಜಾವೂ ಮುಸ್ಸಂಜೆಯೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತವೆ. ಅಲ್ಲಿ ಅವೆರಡೂ ಸೇರಿಯೇ ಇಡೀ ಹಗಲು. ಆತುರವಿಲ್ಲದೆ ನಿಂತು ನೋಡುವಷ್ಟು ಹೊತ್ತು ಸಿಗುತ್ತದೆ.

ಇದನ್ನು ನೋಡಲು ಒಳ್ಳೆಯ ಜಾಗ ಸೇತುವೆ. ಟ್ರೊಮ್ಸೊ ಊರಿನ ಮುಖ್ಯ ಭಾಗ ಇರುವುದು ಒಂದು ದ್ವೀಪದ ಮೇಲೆ. ಅದನ್ನು ಪೂರ್ವದ ದಡಕ್ಕೆ ಸೇರಿಸುವ ಈ ಸೇತುವೆ 1960ರದು, ಒಂದು ಕಿಲೋಮೀಟರಿಗೂ ತುಸು ಉದ್ದ. ಕೆಳಗೆ ಹಡಗು ಹೋಗಲೆಂದು ನಡುವೆ ಡುಬ್ಬದಂತೆ ಎತ್ತರಿಸಿದ್ದಾರೆ. ಆ ಡುಬ್ಬದ ಮೇಲೆ ನಿಂತರೆ ಆಚೆ ದಡದಲ್ಲಿ ಯಾನ್ ಇಂಗೆ ಹೋವಿಗ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, 1965ರಲ್ಲಿ ಮುಗಿದ ಚರ್ಚು ಕಾಣುತ್ತದೆ. ಒಂದರ ಹಿಂದೊಂದು ನಿಲ್ಲಿಸಿದ ಬಿಳಿಯ ತ್ರಿಕೋನಗಳು. ಅವುಗಳ ಸಂದುಗಳಿಂದ ಒಳಗಿನ ದೀಪ ಹೊರಕ್ಕೆ ಸೋರುತ್ತದೆ. ಕತ್ತಲ ತಿಂಗಳುಗಳನ್ನು ಬಲ್ಲವರು ಕಟ್ಟಿದ ಕಟ್ಟಡ ಎಂದು ಬೇರೆ ಹೇಳಬೇಕಾಗಿಲ್ಲ.

ಸೇತುವೆಯಿಂದ ಕೆಳಗೆ ನೋಡಿದರೆ ಇನ್ನೊಂದು ಅಚ್ಚರಿ. ಸಮುದ್ರ ಹೆಪ್ಪುಗಟ್ಟಿಲ್ಲ. ಊರು ಇರುವುದು ಉತ್ತರ ಧ್ರುವವೃತ್ತದಿಂದ ಸುಮಾರು 350 ಕಿಲೋಮೀಟರ್ ಮೇಲೆ, ಆದರೂ ಬಂದರು ಚಳಿಗಾಲವಿಡೀ ತೆರೆದೇ ಇರುತ್ತದೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ನಾರ್ವೆಯ ಕರಾವಳಿಯುದ್ದಕ್ಕೂ ಹರಿದು ಇಲ್ಲಿಯವರೆಗೆ ಬರುತ್ತದೆ. ಅದೊಂದಿಲ್ಲದಿದ್ದರೆ ಇಲ್ಲಿ ಇಂಥ ಊರು ಇರುತ್ತಿರಲಿಲ್ಲ, ವಿಶ್ವವಿದ್ಯಾಲಯವಂತೂ ಇರುತ್ತಲೇ ಇರಲಿಲ್ಲ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ, ಅಷ್ಟೇ. ಆದರೆ ಆ ಬೆಚ್ಚಗೆಯೇ ಒಂದು ತೊಡಕನ್ನೂ ತರುತ್ತದೆ. ಬಿದ್ದ ಹಿಮ ಒಂದು ದಿನ ಕರಗುತ್ತದೆ, ಮೇಲೆ ಮಳೆ ಹುಯ್ಯುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ನೋಡಿದರೆ ಬೀದಿಗೆ ಬೀದಿಯೇ ಗಾಜು. ಅದಕ್ಕೇ ಎಲ್ಲರ ಬಳಿಯೂ ಬೂಟಿನ ಅಡಿಗೆ ಎಳೆದು ಹಾಕಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿ ಇರುತ್ತದೆ. ಅಂಗಡಿಯ ಬಾಗಿಲಲ್ಲಿ ಅದನ್ನು ಕಳಚಿ ಜೇಬಿಗೆ ಹಾಕಿಕೊಳ್ಳುವುದು, ಹೊರಗೆ ಬಂದು ಒಂಟಿ ಕಾಲಲ್ಲಿ ನಿಂತು ಮತ್ತೆ ಹಾಕಿಕೊಳ್ಳುವುದು, ಎಂಬತ್ತು ದಾಟಿದವರೂ ಯಾರ ಆಸರೆಯೂ ಇಲ್ಲದೆ ಮಾಡುತ್ತಿದ್ದರು. ಕೋಟಿನ ಅಂಚಿಗೆ ಬೆಳಕು ಬಿದ್ದರೆ ಮಿನುಗುವ ಒಂದು ಪುಟ್ಟ ಬಿಲ್ಲೆ ತೂಗುತ್ತಿರುತ್ತದೆ, ಕಾರಿನವರ ಕಣ್ಣಿಗೆ ಬೀಳಲೆಂದು. ಶಿಶುವಿಹಾರದ ಮಕ್ಕಳು ಮಿನುಗುವ ಅಂಗಿ ತೊಟ್ಟು ಹಿಮದಲ್ಲಿ ಉರುಳಾಡುತ್ತಿದ್ದರು. ಕತ್ತಲೆಯೆಂದು ಯಾರೂ ಅವರನ್ನು ಒಳಗೆ ಕೂಡಿಹಾಕುವುದಿಲ್ಲ. ದ್ವೀಪದ ನೆತ್ತಿಯ ಕಾಡಿನಲ್ಲಿ ಉದ್ದಕ್ಕೂ ದೀಪ ಹಾಕಿದ ಸ್ಕೀ ಹಾದಿಯಿದೆ. ಕೆಲಸ ಮುಗಿಸಿದವರು ರಾತ್ರಿ ಊಟಕ್ಕೆ ಮುಂಚೆ ಅಲ್ಲಿ ಒಂದು ಸುತ್ತು ಹೋಗಿಬರುತ್ತಾರೆ.

ನಾನು ಉಳಿದುಕೊಂಡದ್ದು ನಿವೃತ್ತ ನರ್ಸ್ ಒಬ್ಬರ ಮನೆಯ ಮಹಡಿಯಲ್ಲಿ. ಬೆಳಿಗ್ಗೆ ಎದ್ದೊಡನೆ ಅವರು ಒಂದು ಚಮಚ ಕಾಡ್ ಮೀನಿನ ಎಣ್ಣೆ ಕುಡಿಯುತ್ತಿದ್ದರು. ಬಿಸಿಲಿಲ್ಲದ ತಿಂಗಳುಗಳಲ್ಲಿ ಡಿ ವಿಟಮಿನ್ ತಿನ್ನುವುದರಿಂದ, ಕುಡಿಯುವುದರಿಂದಲೇ ಬರಬೇಕು. ಅವರ ಮನೆಯ ಬೀದಿ ಕಡೆಯ ಪ್ರತಿ ಕಿಟಕಿಯಲ್ಲೂ ಒಂದೊಂದು ದೀಪವಿತ್ತು. ಅವರದಷ್ಟೇ ಅಲ್ಲ, ಬೀದಿಯ ಎಲ್ಲ ಮನೆಗಳಲ್ಲೂ. ಪರದೆ ಎಳೆದ ಕಿಟಕಿಯನ್ನು ಹುಡುಕಬೇಕಾಗಿತ್ತು. ಒಂದು ಸಂಜೆ ಅಡುಗೆಮನೆಯ ಕಿಟಕಿಯ ಬಲ್ಬು ಹೋಯಿತು. ಅವರು ಹೊಸದನ್ನು ಹಾಕಿದರು. ಆಮೇಲೆ ಬೂಟು ಮೆಟ್ಟಿ, ಕೋಟು ತೊಟ್ಟು, ಮುಳ್ಳು ಪಟ್ಟಿಯನ್ನೂ ಏರಿಸಿಕೊಂಡು ಬೀದಿಗಿಳಿದರು. ಎದುರಿನ ಕಂಬದ ಬಳಿ ನಿಂತು ನೋಡಿದರು. ಒಳಗೆ ಬಂದು ದೀಪವನ್ನು ಒಂದು ಗೇಣು ಎಡಕ್ಕೆ ಸರಿಸಿದರು.

“ಯಾಕೆ, ಮೊದಲು ಸರಿಯಾಗಿ ಇರಲಿಲ್ಲವೇ?” ಎಂದೆ.

“ಬಸ್ಸಿನಿಂದ ಇಳಿದು ಬರುವವರಿಗೆ ಮರ ಅಡ್ಡ ಬರುತ್ತಿತ್ತು ನೋಡಿ” ಎಂದರು.

ಉತ್ತರದ ಬೆಳಕಿನ ಬಗ್ಗೆ ಹೇಳದಿದ್ದರೆ ಓದುವವರು ಬಿಡುವುದಿಲ್ಲ. ಅದೂ ಕಂಡಿತು. ನೂರು ಕಿಲೋಮೀಟರಿಗೂ ಮೇಲೆ ಆಮ್ಲಜನಕದ ಕಣಗಳಿಗೆ ಸೂರ್ಯನ ಕಡೆಯಿಂದ ಬಂದ ಕಣಗಳು ಡಿಕ್ಕಿ ಹೊಡೆದು ಹೊಮ್ಮುವ ಹಸಿರು. ಅದನ್ನು ಅಳೆದು ಅಭ್ಯಾಸ ಮಾಡಲೆಂದು ಈ ಊರಿನಲ್ಲಿ 1930ರಲ್ಲೇ ವೀಕ್ಷಣಾಲಯ ಕಟ್ಟಿದ್ದರು. ಪ್ರವಾಸಿಗರ ಬಸ್ಸುಗಳು ಪ್ರತಿ ರಾತ್ರಿ ಮೋಡವಿಲ್ಲದ ಕಡೆ ಹುಡುಕಿಕೊಂಡು ಹೋಗುತ್ತವೆ. ಚೆಲುವಾದದ್ದು, ನಿಜ. ಆದರೆ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಊರನ್ನು ಎರಡು ತಿಂಗಳು ದಾಟಿಸುವುದು ಅದಲ್ಲ, ಆ ಕಿಟಕಿಯ ದೀಪಗಳು.

ಆ ಸಲ ಸಂಕ್ರಾಂತಿ ನನಗೆ ಅಲ್ಲೇ ಆಯಿತು. ಮೈಸೂರಿನಿಂದ ಕಟ್ಟಿಕೊಂಡು ಹೋಗಿದ್ದ ಎಳ್ಳು ಬೆಲ್ಲದ ಪೊಟ್ಟಣ ಬಿಚ್ಚಿ ಅವರ ಕೈಗಿಟ್ಟೆ. ಸೂರ್ಯ ಉತ್ತರಕ್ಕೆ ಹೊರಟ ಹಬ್ಬ ಎಂದು ವಿವರಿಸಲು ಹೊರಟರೆ ಅವರು ಎದ್ದುಹೋಗಿ ಗೋಡೆಯ ಕ್ಯಾಲೆಂಡರನ್ನೇ ತೆಗೆದುಕೊಂಡು ಬಂದರು. ಲೆಕ್ಕದ ಪ್ರಕಾರ ಟ್ರೊಮ್ಸೊದ ದಿಗಂತಕ್ಕೆ ಸೂರ್ಯನ ಅಂಚು ತಾಗುವುದು ಜನವರಿ 15ರ ಹೊತ್ತಿಗೆ! ಆದರೆ ದಕ್ಷಿಣಕ್ಕೆ ಬೆಟ್ಟಗಳು ಅಡ್ಡ. ಅವುಗಳನ್ನು ದಾಟಿ ಊರಿಗೆ ಮುಖ ತೋರಲು 21 ಆಗಬೇಕು. ಅಂದೇ ಅವರ ಸೂರ್ಯನ ದಿನ. ಹಣ್ಣಿನ ಜಾಮೋ ಹಾಲಿನ ಕೆನೆಯಂಥ ಹೂರಣವೋ ತುಂಬಿ ಎಣ್ಣೆಯಲ್ಲಿ ಕರಿದ ಬನ್ನನ್ನು ಅಂದು ಮನೆಮನೆಯಲ್ಲಿ, ಕಚೇರಿಗಳಲ್ಲಿ, ಶಾಲೆಗಳಲ್ಲಿ ಹಂಚಿ ತಿನ್ನುತ್ತಾರೆ. ಎಳ್ಳು ಬೀರುವುದನ್ನು ನೋಡುತ್ತ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎಳ್ಳಿನ ಜೊತೆಗಿದ್ದ ಸಕ್ಕರೆ ಅಚ್ಚಿನ ಹಕ್ಕಿಯನ್ನು ಅವರು ತಿನ್ನಲಿಲ್ಲ. ಕಿಟಕಿಯಲ್ಲಿ, ದೀಪದ ಪಕ್ಕ ಕೂರಿಸಿದರು.

21ರಂದು ಮೋಡ. ಶಾಲೆಯ ಮಕ್ಕಳು ದಿಬ್ಬ ಹತ್ತಿ ಕಾದರು, ಕೂಗಿದರು, ಏನೂ ಕಾಣಲಿಲ್ಲ. ಬನ್ನು ತಿಂದು ಇಳಿದರು. ಮರುದಿನ ಮಧ್ಯಾಹ್ನಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ನಾನು ಮುಖ್ಯ ಬೀದಿಯ ಬೇಕರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಯಾರೋ ಹೊರಗಿನಿಂದ ಗಾಜಿನ ಬಾಗಿಲು ತಟ್ಟಿದರು. ಸಾಲಿಗೆ ಸಾಲೇ, ಕೌಂಟರಿನ ಹುಡುಗಿಯೂ ಸೇರಿ, ಬೀದಿಗೆ ನುಗ್ಗಿತು. ಎರಡು ಕಟ್ಟಡಗಳ ನಡುವೆ, ಬೆಟ್ಟದ ಅಂಚಿನಲ್ಲಿ, ಹಳದಿ ಗೀರೊಂದು. ಅಪರಿಚಿತರು ಒಬ್ಬರ ಭುಜ ಒಬ್ಬರು ತಟ್ಟಿ ತೋರಿಸಿದರು. ಅಜ್ಜನೊಬ್ಬ ಟೋಪಿ ತೆಗೆದು ಹಣೆಗೆ ಬಿಸಿಲು ತಾಗಿಸಿಕೊಂಡ. ಕೆಲವು ನಿಮಿಷಗಳಷ್ಟೇ. ಆಮೇಲೆ ಎಲ್ಲರೂ ಒಳಗೆ ಬಂದು, ಯಾರು ಯಾರ ಹಿಂದೆ ಇದ್ದರೋ ಹಾಗೇ ನಿಂತರು. ಹುಡುಗಿ ಕೈ ಒರೆಸಿಕೊಂಡು, “ಯಾರ ಸರದಿ?” ಎಂದು ಕೇಳಿದಳು.