ಅರ್ಜಿದಾರರ ನಾಡಿನಲ್ಲಿ ಬೇಟೆ

ಮೊದಲ ಬೇಟೆ ಒಂದು ಟೊಮೇಟೊ. ಕಾಲು ಮೂಡಿ ಮರುಭೂಮಿಯಲ್ಲಿ ಅಡ್ಡಾಡುವ ಟೊಮೇಟೊ. ನಾಲ್ಕು ಪೆಟ್ಟು ಬಿದ್ದರೆ ಕಾಲಿಗೆ ಬುದ್ಧಿ ಹೇಳುತ್ತದೆ. ಅಟ್ಟಿಸಿಕೊಂಡು ಹೋಗಿ ಮುಗಿಸಬೇಕು. ಇಷ್ಟು ದೂರ ಬಂದು ಸಾರಿನ ಸಾಮಾನಿನ ಜೊತೆ ಜಗಳವೇ ಎಂದು ನಗು ಬಂತು.

ನಾನು ಹೋದ ನಾಡಿನ ಹೆಸರು ಐವಲೀಸ್. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. 'ಫೈನಲ್ ಫ್ಯಾಂಟಸಿ' ಸರಣಿಯ 12ನೆಯ ಆಟ ಇದ್ದರೆ ಸಾಕು. 1987ರಲ್ಲಿ ಜಪಾನಿನಲ್ಲಿ ಶುರುವಾದ ಈ ಸರಣಿಯಲ್ಲಿ 12ನೆಯದು 2006ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂತು. 2017ರಲ್ಲಿ 'ದ ಝೋಡಿಯಾಕ್ ಏಜ್' ಎಂಬ ಹೆಸರಿನಲ್ಲಿ ಪರಿಷ್ಕೃತವಾಗಿ ಮತ್ತೆ ಬಂತು. ನಾನು ಹಿಡಿದದ್ದು ಈ ಎರಡನೆಯ ದಾರಿ. ರಾಜ್ಯ ಕಳೆದುಕೊಂಡ ರಾಜಕುಮಾರಿ, ಭೂಮಿ ನುಂಗುವ ಸಾಮ್ರಾಜ್ಯ, ಆಕಾಶದ ಕಳ್ಳರು ಇರುವ ದೊಡ್ಡ ಕಥೆಯೊಂದು ಅದರಲ್ಲಿದೆ. ಅದರ ಬಗ್ಗೆ ಬರೆದವರು ಬಹಳ ಜನ. ನನ್ನನ್ನು ಊರೂರು ಅಲೆಸಿದ್ದು ಅದಲ್ಲ, ಹೆಂಡದಂಗಡಿಯ ಗೋಡೆಯ ಮೇಲಿನ ಒಂದು ಹಲಗೆ.

ರಬನಾಸ್ತ್ರೆ ಪಟ್ಟಣದಲ್ಲಿ ಸ್ಯಾಂಡ್‌ಸೀ ಎಂಬ ಆ ಅಂಗಡಿಯಿದೆ. ಯಾವ ಮೃಗ ಯಾರಿಗೆ ಕಾಟ ಕೊಡುತ್ತಿದೆ ಎಂಬ ಚೀಟಿಗಳನ್ನು ಹಲಗೆಗೆ ಅಂಟಿಸಿರುತ್ತಾರೆ. ಚೀಟಿ ಓದಿದ ಮಾತ್ರಕ್ಕೆ ಬೇಟೆ ನಿಮ್ಮದಾಗುವುದಿಲ್ಲ. ಅರ್ಜಿ ಹಾಕಿದವರು ಎಲ್ಲಿದ್ದಾರೆಂದು ಹುಡುಕಿ, ಎದುರು ನಿಂತು ಅವರ ಕಷ್ಟ ಕೇಳಿ, ಒಪ್ಪಿಕೊಂಡ ಮೇಲೆಯೇ ಹೊರಡಬೇಕು. ಕೊಂದ ಮೇಲೆ ಮತ್ತೆ ಅವರ ಹತ್ತಿರ ಬಂದು ವರದಿ ಒಪ್ಪಿಸಿದರೆ ಮಾತ್ರ ಬಹುಮಾನದ ಗಿಲ್, ಅಂದರೆ ಆ ನಾಡಿನ ದುಡ್ಡು. ಇಂಥ ಬೇಟೆಗಳು ಒಟ್ಟು 45. ಸರ್ಕಾರಿ ಕಚೇರಿಯ ವಾಸನೆ ಹೊಡೆಯುವ ಈ ಪದ್ಧತಿ ಮೊದಮೊದಲು ಕಿರಿಕಿರಿ ಅನ್ನಿಸಿತು. ಹಾಳಾದ ಮೃಗ ಎಲ್ಲಿದೆ ಹೇಳಿ, ಹೊಡೆದು ಬರುತ್ತೇನೆ, ಮಾತೇಕೆ?

ಆದರೆ ರಬನಾಸ್ತ್ರೆಯ ಬೀದಿಯಲ್ಲಿ ಓಡಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮುತ್ರು ಬಜಾರಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ: ಹಲ್ಲಿ ಮೋರೆಯ ಬಂಗಾಗಳು, ಹಂದಿ ಮೂಗಿನ ಸೀಕ್‌ಗಳು, ಉದ್ದ ಕಿವಿಯ ವಿಯೆರಾ ಹೆಂಗಸರು. ನೋಡಲು ಹಬ್ಬ. ಆದರೆ ಬಹುಪಾಲು ಮಂದಿ ಮಾತಿಗೇ ಸಿಗುವುದಿಲ್ಲ. ಪಕ್ಕದಲ್ಲಿ ನಿಂತರೂ ಗುಂಡಿ ಒತ್ತಲು ಗುರುತೇ ಬರದು. ಜನಜಂಗುಳಿ ತುಂಬಿಸಲು ತಂದಿಟ್ಟವರು. ಬಾಡಿಗೆ ಚೊಕೊಬೊ ಹಕ್ಕಿ ಹತ್ತಿ ಊರಾಚೆ ಹೋದರೂ ಅಷ್ಟೇ. ಕೊಟ್ಟ ಅವಧಿ ಮುಗಿಯಿತೋ, ಮೀಟರಿನ ಮೇಲೇ ಕಣ್ಣಿಟ್ಟ ಆಟೋದವನಂತೆ ನಡುದಾರಿಯಲ್ಲಿ ಇಳಿಸಿ ಓಡಿಬಿಡುತ್ತದೆ. ಇಂಥ ನಾಡಿನಲ್ಲಿ ಯಾರಾದರೂ ನಿಲ್ಲಿಸಿ 'ನನಗೊಂದು ತೊಂದರೆಯಾಗಿದೆ' ಅಂದರೆ, ಅಪರಿಚಿತ ಪ್ರವಾಸಿಗೆ ಅದೇ ದೊಡ್ಡ ಉಪಚಾರ.

ಡ್ಯಾಂಟ್ರೋ ಎಂಬವನು ನನ್ನನ್ನು ನಿಲ್ಲಿಸಿದ್ದು ಹಾಗೆ. ಊರಿನ ಪೂರ್ವ ಬಾಗಿಲು ದಾಟಿದರೆ ಡಾಲ್ಮಾಸ್ಕಾದ ಎಸ್ಟರ್‌ಸ್ಯಾಂಡ್ ಮರಳುಗಾಡು. ಅದರ ನಡುವಿನ ಸಣ್ಣ ಠಾಣ್ಯದಲ್ಲಿ ಅವನಿದ್ದ. ಅರ್ಜಿಯಲ್ಲಿದ್ದದ್ದು ನಡೆದಾಡುವ ಪಾಪಾಸುಕಳ್ಳಿ. ತಲೆಯಲ್ಲಿ ಹೂ ಬಿಟ್ಟ ಕ್ಯಾಕ್ಟಾಯ್ಡ್. ಯೋಮಾ ಎಂಬ ಬಯಲಲ್ಲಿ ಅದು ಸಿಕ್ಕಿತು, ಸೆಣಸಿದೆ, ಸತ್ತಿತು. ಬೇಟೆಯ ಮಟ್ಟಿಗೆ ಹೇಳಲು ಹೆಚ್ಚೇನಿಲ್ಲ. ಹಿಂತಿರುಗಿ ಬಂದಾಗ ಡ್ಯಾಂಟ್ರೋ ಬಹುಮಾನದ ಜೊತೆಗೆ ಇನ್ನೊಂದು ಕೆಲಸ ಹಚ್ಚಿದ: ಆ ಹೂವನ್ನು ನೆಬ್ರಾ ನದಿಯ ದಕ್ಷಿಣ ದಡದ ಹಳ್ಳಿಯಲ್ಲಿರುವ ತನ್ನ ಹೆಂಡತಿಗೆ ತಲುಪಿಸಬೇಕು.

ಕತ್ತಿ ಹಿಡಿದು ಹೊರಟವನ ಕೈಗೆ ಹೂ. ಹೋದೆ. ಅಷ್ಟು ಹೊತ್ತು ಮರಳು ಕಂಡ ಕಣ್ಣಿಗೆ ನದಿ ಕಂಡಿತು. ದಡದಲ್ಲಿ ನಾಲ್ಕಾರು ಮನೆ, ಒಂದಷ್ಟು ಜನ. ಹೂ ಕೊಟ್ಟು ಹೊರಡೋಣವೆಂದರೆ ಆಕೆಯದು ಬೇರೆ ಚಿಂತೆ. ಮರುಭೂಮಿಯಲ್ಲಿ ಜ್ಞಾನತಪ್ಪಿ ಬಿದ್ದ ಯಾರೋ ಪರದೇಶಿ ಕಾಯಿಲೆ ಬಿದ್ದು ಮಲಗಿದ್ದಾನೆ. ಅವನ ಔಷಧಿಗೆ ನದಿ ಚಿಪ್ಪು ಬೇಕು. ಅದಾದ ಮೇಲೆ ಹೂವಿನ ಇಬ್ಬನಿ ಬೇಕು. ಹಾವಿನ ಚರ್ಮವೂ ಬೇಕು. ಒಂದೊಂದಕ್ಕೂ ಒಂದೊಂದು ದಿಕ್ಕಿಗೆ ನಡಿಗೆ, ಮತ್ತೆ ಅದೇ ಹಳ್ಳಿಗೆ ವಾಪಸು. ಹೀಗೆ ಹೋಗಿ ಬಂದು ಆ ದಡದ ಪ್ರತಿ ತಿರುವೂ ಕಾಲಿಗೆ ಗೊತ್ತಾಯಿತು; ಯಾವ ಗುಡ್ಡದ ಹಿಂದೆ ತೋಳಗಳಿರುತ್ತವೆ, ಯಾವ ದೈತ್ಯ ಡೈನೋಸಾರಿನ ಕಣ್ಣಿಗೆ ಬೀಳದಂತೆ ಬಳಸಿ ಹೋಗಬೇಕು ಎನ್ನುವುದೂ. ಗುಣವಾದ ರೋಗಿಯಿಂದ ಕೊನೆಗೆ ಒಂದು ಬೀಗದಕೈ ಸಿಕ್ಕಿತು. ಬಾರ್‌ಹೈಮ್ ಎಂಬ ನೆಲದಡಿಯ ಸುರಂಗದಲ್ಲಿ, ಕಥೆ ಮುಚ್ಚಿಬಿಟ್ಟಿದ್ದ ಭಾಗವೊಂದು ಅದರಿಂದ ತೆರೆಯುತ್ತದೆ. ಅದರ ಒಳಗೆ ಝಲೇರಾ ಎಂಬ ಸಾವಿನ ದೇವತೆಯೇ ಕೂತಿದೆ. ಕಳ್ಳಿ ಹೂವಿನಿಂದ ಮೃತ್ಯುವಿನ ತನಕ ಒಂದೇ ದಾರಿ ಹಾಕಿದ ಆಟದ ನಿರ್ಮಾತೃಗಳಿಗೆ ಶರಣು ಅಂದೆ.

ಆಮೇಲಿನ ತಿರುಗಾಟ ಬೇಗ ಹೇಳಿ ಮುಗಿಸುತ್ತೇನೆ. ಆಕಾಶದಲ್ಲಿ ತೇಲುವ ಭುಜೇರ್ಬಾದಲ್ಲಿ ಪ್ರವಾಸಿಗಳಿಗೆ ದಾರಿ ತೋರಿಸುವವರು ಪರಿಜನಃ, ಅಲ್ಲಿನ ಹೆಸರಾಂತ ಮದ್ಯ ಮಧು. ಅಲ್ಲಿನ ಲ್ಹುಸು ಗಣಿಯಲ್ಲಿ ನಿಡ್‌ಹಾಗ್ ಎಂಬ ಹಾವು ಸತ್ತಿತು. ಅದೇ ಗಣಿಯ ಒಳಗೆ ಗಿಲ್ಗಮೇಶ್ ಎಂಬ ಬಾಯಿಬಡುಕ ಕತ್ತಿಗಾರ ಸಿಕ್ಕ. ಸರಣಿಯ ಬೇರೆ ಆಟಗಳ ನಾಯಕರ ಖಡ್ಗಗಳನ್ನೇ ಹೋಲುವ ನಕಲಿ ಕತ್ತಿಗಳನ್ನು ಬೀಸುತ್ತಾನೆ. ಜೊತೆಗೆ ಎಂಕಿಡು ಎಂಬ ನಾಯಿ. ಗರಮ್‌ಸೈದ್ ಕಾಲುವೆಯ ಆರ್ಥ್ರಸ್ ಮುಖ ತೋರಿಸುವುದು ತಂಡದಲ್ಲಿ ಬರೀ ಹೆಂಗಸರಿದ್ದಾಗ. ಪರಾಮಿನಾ ಕಣಿವೆಯ ಫಾಫ್ನಿರ್ ಹಿಮಗಾಳಿ ಎದ್ದಾಗಲೇ ಹೊರಬರುತ್ತದೆ. ಆಕಾಶ ತಿಳಿಯಾಗಿದ್ದರೆ ಪ್ರದೇಶದಿಂದ ಆಚೆ ಹೋಗಿ ಮತ್ತೆ ಬರಬೇಕು, ಮತ್ತೆ ಹೋಗಬೇಕು. ಬೇರೆ ಕಡೆ ಪ್ರವಾಸಿಗಳು ಬಿಸಿಲಿಗೆ ಹರಕೆ ಹೊರುತ್ತಾರೆ, ನಾನು ಅಲ್ಲಿ ಕೆಟ್ಟ ಹವೆಗೆ ಹೊತ್ತೆ.

ಕೊನೆಯದು ಯಾಜ್ಮ್ಯಾಟ್. ಇದರ ಬಗ್ಗೆ ನನಗೆ ತಕರಾರಿದೆ.

ರಿಡೋರಾನಾ ಜಲಪಾತದ ಬಳಿಯ ಪಾಳುಬಿದ್ದ ರಂಗಸ್ಥಳದಲ್ಲಿ ಈ ಮಹಾಸರ್ಪ ಕಾದಿರುತ್ತದೆ. ಇದರ ಪ್ರಾಣಬಲ, ಅಂದರೆ ಎಚ್‌ಪಿ, 5,01,12,254. ಮೂಲ ಆಟದಲ್ಲಿ ಒಂದು ಪೆಟ್ಟಿಗೆ 9,999ಕ್ಕಿಂತ ಹೆಚ್ಚು ಹಾನಿ ಸಾಧ್ಯವಿಲ್ಲ. ಲೆಕ್ಕ ಹಾಕಿ: ಒಂದೂ ತಪ್ಪದೆ, ಪ್ರತಿ ಸಲವೂ ಪೂರ್ತಿ ಬಲದಿಂದ ಹೊಡೆದರೂ 5,012 ಪೆಟ್ಟು. ಅದು ಸುಮ್ಮನೆ ಹೊಡೆಸಿಕೊಂಡು ನಿಲ್ಲುವ ಪ್ರಾಣಿಯೂ ಅಲ್ಲ. ಒಂದೇ ಹೊಡೆತಕ್ಕೆ ತಂಡದವರನ್ನು ಮಲಗಿಸುತ್ತದೆ, ಅರ್ಧ ಪ್ರಾಣವಾದ ಮೇಲೆ ಇನ್ನಷ್ಟು ಬಲಿಯುತ್ತದೆ. ಸುಸ್ತಾದರೆ ರಂಗದಿಂದ ಹೊರಗೆ ಬಂದು, ಆಟ ಉಳಿಸಿ, ಮಲಗಿ ಎದ್ದು ಮಾರನೆಯ ದಿನ ಮುಂದುವರಿಸಬಹುದು. ಜನ ಹಾಗೇ ಮಾಡುತ್ತಾರೆ.

ಈ ಆಟದಲ್ಲಿ ಗ್ಯಾಂಬಿಟ್ ಎಂಬ ವ್ಯವಸ್ಥೆಯಿದೆ, ಹಿರೋಯುಕಿ ಇಟೋ ರೂಪಿಸಿದ್ದು. 'ಜೊತೆಗಾರನ ಪ್ರಾಣ ಅರ್ಧಕ್ಕಿಳಿದರೆ ಮದ್ದು ಮಾಡು', 'ಸತ್ತವನನ್ನು ಎಬ್ಬಿಸು', 'ಎದುರಿನವನಿಗೆ ಹೊಡೆ' ಎಂದು ಮೊದಲೇ ಕಟ್ಟಳೆ ಬರೆದಿಟ್ಟರೆ ತಂಡ ತಾನೇ ನಡೆದುಕೊಳ್ಳುತ್ತದೆ. ಟೊಮೇಟೊ ಕಾಲದಲ್ಲಿ ಇದು ಬಹಳ ಚಂದ. ನನ್ನ ಯೋಚನೆ ನನ್ನ ಕಣ್ಣೆದುರೇ ಓಡಾಡುತ್ತಿತ್ತು. ಯಾಜ್ಮ್ಯಾಟ್ ಮುಂದೆ ಮಾತ್ರ, ಕಟ್ಟಳೆಗಳು ಗಂಟೆಗಟ್ಟಲೆ ದುಡಿಯುತ್ತಿದ್ದರೆ ನಾನು ಕಾಫಿ ಕಾಸಿಕೊಂಡು ಬಂದು ಕೂತು ನೋಡುವ ಕಾವಲುಗಾರನಾದೆ. ಅಷ್ಟು ದೊಡ್ಡ ಅಂಕಿ ಬರೆದವರಿಗೆ ಬೆರಗು ಹುಟ್ಟಿಸುವ ಆಸೆ ಇತ್ತೇನೋ; ನನಗೆ ಹುಟ್ಟಿದ್ದು ಆಕಳಿಕೆ.

ಆದರೂ ಈ ಬೇಟೆಯನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಕಾರಣ ಅರ್ಜಿದಾರ. ರಬನಾಸ್ತ್ರೆಯಲ್ಲಿ ಸೆಂಚೂರಿಯೋ ಎಂಬ ಬೇಟೆಗಾರರ ಕೂಟವಿದೆ. ಅದರ ಯಜಮಾನ ಮಾಂಟ್‌ಬ್ಲಾಂಕ್, ಮೂಗಲ್ ಎಂಬ ಜಾತಿಯ ಮೊಣಕಾಲೆತ್ತರದ ಜೀವಿ. ಅವನ ಒಡಹುಟ್ಟಿದವರೂ ಊರಲ್ಲಿದ್ದಾರೆ. ಅವರಲ್ಲಿ ಸಾರ್ಬೆಟ್ ಅರ್ಜಿ ಹಾಕಿದ್ದಕ್ಕೆ ಕಾಲುವೆಯಲ್ಲಿ ಬಿಳಿ ಲೋಳೆಯೊಂದನ್ನು ಕೊಂದಿದ್ದೆ. ಚೊಕೊಬೊ ಬಾಡಿಗೆಯ ಗರ್ಡಿಯ ಅರ್ಜಿಗೆ ಹಿಮದಲ್ಲಿ ಬಿಳಿ ಚೊಕೊಬೊವನ್ನು ಬೆನ್ನಟ್ಟಿದ್ದೆ. ಕೂಟದ ದೊಡ್ಡ ಬೇಟೆಗಳನ್ನು ನನಗೆ ಹಂಚಿದವನು, ಮುಗಿಸಿ ಬಂದಾಗ ಭೇಷ್ ಅಂದವನು ಈ ಮಾಂಟ್‌ಬ್ಲಾಂಕ್. ಕೊನೆಗೆ ತಾನೇ ಅರ್ಜಿದಾರನಾಗುತ್ತಾನೆ: ಯಾಜ್ಮ್ಯಾಟ್ ತನ್ನ ಗುರುವನ್ನು ಕೊಂದಿತು ಎನ್ನುತ್ತಾನೆ. ಊರವರ ಕಷ್ಟ ಕೇಳಿ ಹಂಚುತ್ತಿದ್ದ ಈ ಪುಟ್ಟ ಆಸಾಮಿ ತನ್ನ ಕಷ್ಟವನ್ನು ಅಷ್ಟು ಕಾಲ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಆ ನಾಲ್ಕು ಮಾತಿನ ತೂಕ ಐದು ಕೋಟಿಯ ಅಂಕಿಗೆ ಬರಲಿಲ್ಲ.

ಝೋಡಿಯಾಕ್ ಏಜ್‌ನಲ್ಲಿ ಆಟವನ್ನು ಎರಡು ಪಟ್ಟು, ನಾಲ್ಕು ಪಟ್ಟು ವೇಗದಲ್ಲಿ ಓಡಿಸುವ ಗುಂಡಿಯಿದೆ. ಮರಳುಗಾಡು ಸಿಕ್ಕ ಕೂಡಲೇ ಅದನ್ನು ಒತ್ತುವವರೇ ಹೆಚ್ಚು. ನೀವು ಐವಲೀಸ್‌ಗೆ ಹೋಗುವುದಿದ್ದರೆ ಆ ಗುಂಡಿಯನ್ನು ಯಾಜ್ಮ್ಯಾಟ್‌ಗೆ ಮೀಸಲಿಡಿ, ಧಾರಾಳವಾಗಿ ಒತ್ತಿ. ಡ್ಯಾಂಟ್ರೋ ಹೂ ಕೊಟ್ಟಾಗ ಮಾತ್ರ ಮಾಮೂಲಿ ವೇಗದಲ್ಲಿ ನಡೆದೇ ಹೋಗಿ.