ನಾಳಿಂದ ಬರಬ್ಯಾಡ

ಹಾನಗಲ್ ಬಸ್ ಸ್ಟ್ಯಾಂಡಿನ್ಯಾಗ ಶಿಗ್ಗಾಂವಿ ಬಸ್ಸಿಗೆ ಕಾಯಾಕತ್ತಿದ್ದೆ. ಬಾಜೂಕ ಕುಂತಿದ್ದ ಹುಡುಗನ ಕಿಸೆಯಾಗ ಇನ್ನೂ ಅಳತಿ ಟೇಪು. ದೊಡ್ಡ ಬಟ್ಟೆ ಅಂಗಡಿಯಾಗ ಮೂರು ವರ್ಷ ಥಾನು ಬಿಚ್ಚಿದಾಂವ. 'ರಾತ್ರಿ ಸಾಹುಕಾರ್ರು ಫೋನ್ ಮಾಡಿ, ನಾಳಿಂದ ಬರಬ್ಯಾಡಪಾ ಅಂದ್ರು ಅಣ್ಣಾರ.'

ತೆಗೆಯೋ ಹಕ್ಕು ಮಾಲೀಕರಿಗೆ ಇಲ್ಲಂತಲ್ಲ. ಆದ್ರ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಪ್ರಕಾರ, ಸತತ ಆರು ತಿಂಗಳು ದುಡಿದವರನ್ನ ತೆಗೀಬೇಕಂದ್ರ ಸರಿಯಾದ ಕಾರಣ ಬೇಕು. ಜೊತಿಗೆ ತಿಂಗಳ ಮೊದಲೇ ನೋಟಿಸು, ಇಲ್ಲಾಂದ್ರ ತಿಂಗಳ ಪಗಾರ. ಕಳವು ಮಾಡ್ಯಾನ ಅಂತೀರಾ? ನೋಟಿಸು ಬ್ಯಾಡ, ಆದ್ರ ವಿಚಾರಣೆ ನಡೆಸಿ ಸಾಕ್ಷಿ ದಾಖಲಿಸಬೇಕು. (ಸಿಸಿಟಿವಿ ಕಡೆ ಬೊಟ್ಟು ಮಾಡೋದು ವಿಚಾರಣೆ ಅಲ್ಲ.)

ಹಾವೇರಿಗೆ ಹೋಗಿ ಕಾರ್ಮಿಕ ಇಲಾಖೆಯಾಗ ಕೇಳಪಾ ಅಂದೆ. ಟೇಪು ಸುತ್ತಿಕೋತ ಅಂದ: 'ಊರಾಗ ಇರೋ ಇನ್ನೊಂದು ದೊಡ್ಡ ಅಂಗಡಿ ಅವರ ಅಳಿಯಂದರಿ.'