ಉಪ್ಪುಗಾಳಿ ಮತ್ತು ಅಟ್ಟದ ಮೇಲಿನ ರೆಗ್ಯುಲೇಟರ್

ಚೆನ್ನೈನ ಬೆಸೆಂಟ್ ನಗರದ ಕಡಲತೀರಕ್ಕೆ ಹೋದಾಗ ಅಲೆಗಳ ಜೊತೆಗೆ ಸುತ್ತಲಿನ ಮನೆಗಳ ಕಿಟಕಿ ಸರಳುಗಳನ್ನೂ ನೋಡಿ. ಎಷ್ಟು ಬಣ್ಣ ಬಳಿದರೂ ತುಕ್ಕು ಬಿಡುವುದಿಲ್ಲ. ಅದು ಬಂಗಾಳ ಕೊಲ್ಲಿಯ ಉಪ್ಪುಗಾಳಿಯ ಕೆಲಸ.

ಪುದುಚೇರಿಯಲ್ಲಿ ಸ್ಕೂಬಾ ಕಲಿತು, ಮಳೆಗಾಲ ಮುಗಿದ ಮೇಲೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೊರಡುವ ಉತ್ಸಾಹ ನಿಮ್ಮಲ್ಲಿ ಕೆಲವರಿಗಿದೆ. ಬಹಳ ಸಂತೋಷ. ಆದರೆ ಅಣ್ಣನೋ ಮಾವನೋ ಕೊಂಡು, ಒಮ್ಮೆಯೂ ನೀರಿಗಿಳಿಸದೆ ವರ್ಷಗಟ್ಟಲೆ ಅಟ್ಟದಲ್ಲಿಟ್ಟ ರೆಗ್ಯುಲೇಟರನ್ನು 'ಹೊಸದೇ ಅಲ್ಲವೇ' ಎಂದು ಹಾಗೆಯೇ ಒಯ್ಯಬಹುದೇ? ಖಂಡಿತ ಬೇಡ.

1943ರಲ್ಲಿ ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾನ್ ಬಳಕೆಗೆ ತಂದ ಈ ಸಾಧನ, ಸಿಲಿಂಡರಿನ ಸುಮಾರು 200 ಬಾರ್ ಒತ್ತಡದ ಗಾಳಿಯನ್ನು ಉಸಿರಾಡುವ ಹದಕ್ಕೆ ಇಳಿಸುತ್ತದೆ. ಒಳಗಿರುವುದು ರಬ್ಬರ್ ಉಂಗುರಗಳು, ಸ್ಪ್ರಿಂಗ್, ಹಿತ್ತಾಳೆ. ಬಹುದಿನ ಬಳಸದ ಕುಕ್ಕರಿನ ಗ್ಯಾಸ್ಕೆಟ್ ಗಡುಸಾಗುವಂತೆ ಇಲ್ಲಿಯೂ ರಬ್ಬರ್ ಸೆಟೆಯುತ್ತದೆ. ಸ್ಪ್ರಿಂಗ್ ಒತ್ತಿದ ಕಡೆ ಕುಳಿ ಬೀಳುತ್ತದೆ. ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಮನೆಯಲ್ಲಿ ಬಾಯಿಗಿಟ್ಟು ಎರಡು ಸಲ ಉಸಿರೆಳೆದರೆ ಇದಾವುದೂ ತಿಳಿಯದು. ಸಿಲಿಂಡರಿನ ಒತ್ತಡ ಬಿದ್ದಾಗಲೇ ಸೋರಿಕೆ ಬಯಲಾಗುವುದು.

ಕೇವಲ 10 ಮೀಟರ್ ಆಳದಲ್ಲಿ ಒತ್ತಡ ದಡದ ಎರಡರಷ್ಟು. ದೋಷ ಹುಡುಕುವ ಜಾಗ ಅದಲ್ಲ. ಪ್ರಯಾಣಕ್ಕೆ ತಿಂಗಳ ಮೊದಲೇ ತರಬೇತಿ ಪಡೆದ ತಂತ್ರಜ್ಞರಿಗೆ ಕೊಟ್ಟು ರಬ್ಬರ್ ಭಾಗಗಳನ್ನು ಬದಲಿಸಿ, ಈಜುಕೊಳದಲ್ಲಿ ಪರೀಕ್ಷಿಸಿ. ಮರಳಿ ಬಂದ ಮೇಲೆ ಧೂಳುಮುಚ್ಚಳ ಬಿಗಿದು, ಸಿಹಿನೀರಿನಲ್ಲಿ ನೆನೆಸಿ ತೊಳೆದು, ನೆರಳಿನಲ್ಲಿ ಒಣಗಿಸಿ ಇಡಿ. ಹಣ ಉಳಿಸುವುದು ಒಳ್ಳೆಯದೇ, ಆದರೆ ಉಸಿರಿನ ಲೆಕ್ಕದಲ್ಲಿ ಬೇಡ.